ಮುಸ್ತಫಾನ ಪಕ್ಕ ನಿಲ್ಲಿಸಿ ನೋಡ್ರಿ

ಗೇಮ್ ಕಂಪನಿಯಲ್ಲಿ ಟೆಸ್ಟರ್ ಕೆಲಸ ಎಂದರೆ ಮಂದಿಗೆ ಹೊಟ್ಟೆಕಿಚ್ಚು: ದಿನವಿಡೀ ಆಟ ಆಡಿ ಪಗಾರ ಎಣಿಸುವುದು! ನಿಜದಲ್ಲಿ ಅದು ಒಂದೇ ಗೋಡೆಗೆ ಹತ್ತಾರು ಕಡೆಯಿಂದ ಹಾಯ್ದು, ಎಲ್ಲಾದರೂ ತೂರಿಹೋಗುತ್ತದೆಯೋ ಎಂದು ನೋಡಿ ಬರೆದಿಡುವ ಕೆಲಸ. ಬೆಂಗಳೂರಿನಲ್ಲಿ ಅದನ್ನು ಮಾಡಿ ಸಾಕಾಗಿ ರಾಮಥಾಳಕ್ಕೆ ಮರಳಿದೆ. ಈಗ ಹೊಲದಲ್ಲಿ ಹನಿ ನೀರಾವರಿಯ ಪೈಪು ಕಟ್ಟಿಕೊಂಡಿತೇ ಎಂದು ನೋಡುವುದರ ನಡುವೆ ಗೇಮ್‌ಗಳ ಬಗ್ಗೆ ಬರೆಯುತ್ತೇನೆ. ಇಳಕಲ್ಲಿನ, ಹುನಗುಂದದ ಹುಡುಗರು ಹೊಸ ಆ್ಯಕ್ಷನ್ ಗೇಮ್ ಬಂದಾಗಲೆಲ್ಲ ಕೇಳುವುದು ಒಂದೇ ಪ್ರಶ್ನೆ: "ಇದು ಯಾವುದರ ಕಾಪಿರೀ?" ಕೆಟ್ಟ ಪ್ರಶ್ನೆಯಲ್ಲ. ಆದರೆ ಉತ್ತರ ಸಿಕ್ಕೊಡನೆ ಅವರ ವಿಚಾರಣೆ ಮುಗಿದುಬಿಡುತ್ತದೆ. ನನ್ನ ಕೆಲಸ ಶುರುವಾಗುವುದು ಅಲ್ಲಿಂದ, ಅದಕ್ಕೆ ನಾನು ಇಟ್ಟುಕೊಂಡ ಸೂತ್ರಗಳು ಇವು.

1. ಯಾವುದರ ಕಾಪಿ ಎಂಬುದನ್ನು ಹೆಸರು ನೋಡಿ ತೀರ್ಮಾನಿಸಬೇಡಿ

ಫೌ-ಜಿ ಗೇಮಿಗೆ ಆದ ಅನ್ಯಾಯ ಇದೇ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿತು, ಅದರಲ್ಲಿ ಪಬ್‌ಜಿ ಮೊಬೈಲ್ ಕೂಡ ಇತ್ತು. ಎರಡು ದಿನ ಬಿಟ್ಟು ನಟ ಅಕ್ಷಯ್ ಕುಮಾರ್ ಫೌ-ಜಿಯನ್ನು ಘೋಷಿಸಿದರು. ತಯಾರಿಸುತ್ತಿದ್ದವರು ಬೆಂಗಳೂರಿನ ಎನ್‌ಕೋರ್ ಗೇಮ್ಸ್. ಹೆಸರಿನ ಪ್ರಾಸ ಕಿವಿಗೆ ಬಿದ್ದ ಮೇಲೆ ಇನ್ನೇನು, ದೇಶಿ ಪಬ್‌ಜಿ ಬರುತ್ತಿದೆ ಎಂದು ದೇಶವೇ ನಂಬಿತು. 2021ರ ಜನವರಿ 26ರಂದು ಗೇಮ್ ಬಂತು. ಸಂಜೆ ಹೊತ್ತಿಗೆ ನಮ್ಮಣ್ಣನ ಮಗ ಮೊಬೈಲ್ ಹಿಡಿದುಕೊಂಡು ಬಂದ.

"ಕಾಕಾ, ಇದರಾಗ ಬಂದೂಕೇ ಇಲ್ಲಲ್ಲ! ಪಬ್‌ಜಿ ಕಾಪಿ ಅಂದಿದ್ರು, ಕಾಪಿನೂ ನೆಟ್ಟಗ ಹೊಡಿಯಾಕ ಬಂದಿಲ್ಲ ನೋಡು ಇವ್ರಿಗೆ."

ಅವನೊಬ್ಬನೇ ಅಲ್ಲ, ಇದೇ ಸಿಟ್ಟಿನಲ್ಲಿ ಸಾವಿರಾರು ಮಂದಿ ಪ್ಲೇ ಸ್ಟೋರಿನಲ್ಲಿ ಒಂದೊಂದೇ ನಕ್ಷತ್ರ ಕೊಟ್ಟರು. ಆದರೆ ಆ ಮೊದಲ ಕಂತಿನ ಕಥೆ ಗಾಲ್ವಾನ್ ಕಣಿವೆಯದು. 2020ರ ಜೂನ್‌ನಲ್ಲಿ ಅಲ್ಲಿ ಭಾರತ, ಚೀನಾ ಸೈನಿಕರ ನಡುವೆ ನಡೆದದ್ದೇ ಗುಂಡು ಹಾರಿಸದ ಕಾದಾಟ, ಕೈ, ಕಲ್ಲು, ಮೊಳೆ ಬಡಿದ ದೊಣ್ಣೆಗಳದು. ಹಾಗಾಗಿ ಬಂದೂಕು ಇಲ್ಲದಿದ್ದುದಕ್ಕೆ ಕಥೆಯಲ್ಲೇ ಕಾರಣವಿತ್ತು. ಗೇಮ್ ಸೇರಿದ್ದು ನೂರು ಮಂದಿ ವಿಮಾನದಿಂದ ಜಿಗಿದು ಒಬ್ಬನೇ ಉಳಿಯುವ ಪಬ್‌ಜಿಯ ಸಾಲಿಗಲ್ಲ, ಒಬ್ಬನೇ ಮುಂದೆ ನಡೆಯುತ್ತ ಎದುರು ಬಂದವರನ್ನೆಲ್ಲ ಬಡಿಯುತ್ತ ಹೋಗುವ ಹೊಡೆದಾಟದ ಗೇಮ್‌ಗಳ ಸಾಲಿಗೆ. 1987ರ ಡಬಲ್ ಡ್ರ್ಯಾಗನ್, 1989ರ ಫೈನಲ್ ಫೈಟ್, 1991ರ ಸ್ಟ್ರೀಟ್ಸ್ ಆಫ್ ರೇಜ್ ಆ ಮನೆತನದವು. ಎಲ್ಲಕ್ಕಿಂತ ಮಿಗಿಲಾಗಿ ಮುಸ್ತಫಾ. ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದ ಆ ಗೇಮಿನ ನಿಜ ಹೆಸರು ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್. ವಿಡಿಯೊ ಗೇಮ್ ಅಂಗಡಿಯಲ್ಲಿ ರೂಪಾಯಿ ಕಾಯಿನ್ ಹಾಕಿ ಆಡಿದ ನಮ್ಮ ಪೀಳಿಗೆಗೆ ಆ ಹೆಸರು ಇವತ್ತಿಗೂ ಬಾಯಿಗೆ ಬರುವುದಿಲ್ಲ, ಹಳದಿ ಟೊಪ್ಪಿಗೆಯ ಮುಸ್ತಫಾನ ಹೆಸರೇ ಗೇಮಿನ ಹೆಸರು.

ಫೌ-ಜಿಯನ್ನು ಮುಸ್ತಫಾನ ಪಕ್ಕ ನಿಲ್ಲಿಸಿದರೆ ತೀರ್ಪು ಮೃದುವಾಗುತ್ತದೆ ಎಂದುಕೊಳ್ಳಬೇಡಿ, ಇನ್ನೂ ಕಠಿಣವಾಗುತ್ತದೆ. ಮುಸ್ತಫಾದಲ್ಲಿ ಇದ್ದದ್ದು ಎರಡೇ ಬಟನ್. ಒಂದು ಹೊಡೆಯಲು, ಇನ್ನೊಂದು ಜಿಗಿಯಲು. ಎರಡನ್ನೂ ಒಟ್ಟಿಗೆ ಒತ್ತಿದರೆ ಸುತ್ತಲಿನವರನ್ನೆಲ್ಲ ಕೆಡವುವ ವಿಶೇಷ ಏಟು, ಆದರೆ ಅದು ತಾಗಿದರೆ ನಿಮ್ಮ ಜೀವದಿಂದಲೇ ಒಂದು ಚೂರು ಕಡಿತ. ನಾಲ್ಕು ಕಡೆಯಿಂದ ಮುತ್ತಿದಾಗ ಆ ಬೆಲೆ ತೆರಬೇಕೋ, ಮೇಲೆ ಕೆಳಗೆ ಸರಿದಾಡಿ ಎಲ್ಲರನ್ನೂ ಒಂದೇ ಸಾಲಿಗೆ ತಂದುಕೊಳ್ಳಬೇಕೋ ಎಂಬ ಲೆಕ್ಕ ಕ್ಷಣಕ್ಷಣಕ್ಕೂ ನಡೆಯುತ್ತಿತ್ತು. ಎಲ್ಲಿ ನಿಲ್ಲುತ್ತೀರಿ ಎಂಬುದೇ ಅಲ್ಲಿ ಅರ್ಧ ಜಗಳ. ಫೌ-ಜಿಯ ಮೊದಲ ಕಂತಿನಲ್ಲಿ ಆ ಲೆಕ್ಕವೇ ಇಲ್ಲ. ಹೊಡೆತದ ಬಟನ್ ಒತ್ತುತ್ತ ಹೋದರೆ ಬಹುಪಾಲು ದಾಟಿಬಿಡಬಹುದು. ಅದರ ಸೋಲು ಬಂದೂಕಿಲ್ಲದ್ದಲ್ಲ, ಎರಡು ಬಟನ್ನಿನ ಹಳೇ ಗೇಮ್ ಕೇಳುತ್ತಿದ್ದಷ್ಟು ಬುದ್ಧಿಯನ್ನೂ ಆಡುವವನಿಂದ ಕೇಳದೇ ಹೋದದ್ದು. ಇಷ್ಟನ್ನು ಹೇಳುವ ವಿಮರ್ಶೆ ಗೇಮ್ ಮಾಡಿದವನಿಗೂ ಉಪಯೋಗ, ಆಡುವವನಿಗೂ ಉಪಯೋಗ. "ಪಬ್‌ಜಿ ಅಲ್ಲ, ಒಂದು ನಕ್ಷತ್ರ" ಎಂಬುದು ಯಾರಿಗೂ ಉಪಯೋಗವಿಲ್ಲ.

ಅಂದಹಾಗೆ 2025ರಲ್ಲಿ ಬಂದ ಫೌ-ಜಿ: ಡಾಮಿನೇಷನ್ ಬೇರೆಯದೇ ಗೇಮ್. ಅದರಲ್ಲಿ ಬಂದೂಕುಗಳಿವೆ, ತಂಡಗಳಿವೆ. ಅದನ್ನು ನಿಲ್ಲಿಸಬೇಕಾದ್ದು ಕಾಲ್ ಆಫ್ ಡ್ಯೂಟಿ ಮೊಬೈಲ್ ಪಕ್ಕದಲ್ಲಿ.

2. ಕಾಪಿ ಎನ್ನುವುದು ಬೈಗುಳವಲ್ಲ, ಮಾಹಿತಿ

ನಮ್ಮೂರಿನಿಂದ ಬಾದಾಮಿ ಕಡೆ ಹೊರಟರೆ ದಾರಿಗೆ ಪಟ್ಟದಕಲ್ಲು ಸಿಗುತ್ತದೆ. ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ. ಅಲ್ಲಿನ ಕೈಲಾಸನಾಥ ಗುಡಿಯ ಸಂಪತ್ತನ್ನು ದೇವರಿಗೇ ಬಿಟ್ಟುಕೊಟ್ಟೆ ಎಂದು ಅದೇ ಗುಡಿಯಲ್ಲಿ ಕನ್ನಡದಲ್ಲಿ ಶಾಸನ ಹಾಕಿಸಿದ. ಆ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಮೇಲೆ ಕಂಚಿಯ ಆ ಗುಡಿಯ ಛಾಯೆ ಎದ್ದು ಕಾಣುತ್ತದೆ. ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿ ಪಕ್ಕದಲ್ಲೇ ಮಲ್ಲಿಕಾರ್ಜುನ ಗುಡಿ ಕಟ್ಟಿಸಿದಳು. ಅದೇ ನಕ್ಷೆ, ಆಕಾರ ತುಸು ಸಣ್ಣದು, ನೆತ್ತಿಯ ಶಿಖರ ಮಾತ್ರ ಚೌಕದ ಬದಲು ದುಂಡಗೆ. ಮುಂದೆ ಎಲ್ಲೋರದ ಕೈಲಾಸಕ್ಕೆ ವಿರೂಪಾಕ್ಷವೇ ಮಾದರಿಯಾಯಿತು ಎಂದು ವಿದ್ವಾಂಸರು ಹೇಳುತ್ತಾರೆ. ಈ ಸರಣಿಯಲ್ಲಿ ಯಾವುದನ್ನು ಕಾಪಿ ಎಂದು ತಳ್ಳಿಹಾಕುತ್ತೀರಿ?

ಆ್ಯಕ್ಷನ್ ಗೇಮ್‌ಗಳ ವಂಶಾವಳಿಯೂ ಹೀಗೇ. 2001ರ ಡೆವಿಲ್ ಮೇ ಕ್ರೈ ಮೊದಲು ರೆಸಿಡೆಂಟ್ ಈವಿಲ್‌ನ ನಾಲ್ಕನೆಯ ಭಾಗವಾಗಬೇಕೆಂದು ಶುರುವಾದ ಗೇಮ್. ತೀರಾ ಬೇರೆ ದಾರಿ ಹಿಡಿದದ್ದರಿಂದ ಬೇರೆ ಹೆಸರು ಪಡೆಯಿತು. ಅದು ಹಾಕಿದ ದಾರಿಯಲ್ಲಿ 2005ರಲ್ಲಿ ಗಾಡ್ ಆಫ್ ವಾರ್ ಬಂತು. 2009ರಲ್ಲಿ ಡೆವಿಲ್ ಮೇ ಕ್ರೈ ನಿರ್ದೇಶಕ ಹಿಡೆಕಿ ಕಾಮಿಯಾ ಅವರೇ ಬಯೊನೆಟ್ಟಾ ಮಾಡಿ ತಮ್ಮ ಹಳೇ ಗೇಮನ್ನು ತಾವೇ ಮೀರಿಸಿದರು. ಹಾಗಾಗಿ ನನ್ನ ಟಿಪ್ಪಣಿಯಲ್ಲಿ "ಇಂಥದ್ದರಿಂದ ತಂದಿದ್ದಾರೆ" ಎಂಬ ಸಾಲಿಗೆ ಅಂಕ ಕಳೆಯುವುದೂ ಇಲ್ಲ, ಕೂಡಿಸುವುದೂ ಇಲ್ಲ. ಮುಂದಿನ ಸಾಲಿಗೆ ಅದು ಪೀಠಿಕೆ ಅಷ್ಟೆ.

3. ಶ್ರೇಷ್ಠ ಗೇಮ್‌ನ ಇಡೀ ದೇಹವನ್ನು ಎದುರಿಗೆ ತರಬೇಡಿ

"ಗಾಡ್ ಆಫ್ ವಾರ್‌ನಷ್ಟು ಚೆನ್ನಾಗಿಲ್ಲ" ಎಂಬ ವಾಕ್ಯದಲ್ಲಿ ಸುದ್ದಿಯೇ ಇಲ್ಲ. ಯಾವುದೂ ಅಷ್ಟು ಚೆನ್ನಾಗಿರುವುದಿಲ್ಲ. ನಾನು ಒಂದೊಂದು ಗುಣಕ್ಕೆ ಒಂದೊಂದು ಗೇಮನ್ನು ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ. ಏಟು ತಪ್ಪಿಸಿಕೊಳ್ಳುವುದಕ್ಕೆ ಬಯೊನೆಟ್ಟಾ, ಕತ್ತಿಗೆ ಕತ್ತಿ ಕೊಟ್ಟು ತಡೆಯುವುದಕ್ಕೆ 2019ರ ಸೆಕಿರೊ. ಗುಂಪಿನ ನಡುವೆ ನಿಂತು ಹೊಡೆದಾಡುವುದಕ್ಕೆ 2009ರ ಬ್ಯಾಟ್‌ಮನ್: ಆರ್ಕಮ್ ಅಸೈಲಮ್. ಏಟಿನ ಭಾರಕ್ಕೆ 2018ರ ಗಾಡ್ ಆಫ್ ವಾರ್, ಅದರಲ್ಲೂ ಎಸೆದ ಕೊಡಲಿ ಮರಳಿ ಅಂಗೈಗೆ ಬಂದು ಬಡಿಯುವ ಆ ಸದ್ದು. ಹೊಸ ಗೇಮ್ ಯಾವ ಗುಣವನ್ನು ಮುಂದಿಟ್ಟು ಮಾರಾಟಕ್ಕೆ ನಿಂತಿದೆಯೋ ಅದಕ್ಕೆ ತಕ್ಕ ಗೋಲು ತೆಗೆಯುತ್ತೇನೆ. ಉಳಿದವು ಕಪಾಟಿನಲ್ಲೇ ಇರಲಿ. ಇನ್ನೊಂದು ಮಾತು, ನೆನಪಿನಿಂದ ಹೋಲಿಸಬಾರದು. ನೆನಪಿನಲ್ಲಿ ಎಲ್ಲ ಹಳೇ ಗೇಮೂ ಬೆಣ್ಣೆಯೇ. ಅದೇ ದಿನ ಅರ್ಧ ತಾಸು ಅದನ್ನೂ ಆಡಿ, ಬೆರಳು ಬಿಸಿಯಿರುವಾಗಲೇ ಇದನ್ನು ಹಿಡಿಯಬೇಕು.

4. ಕೊಂಡಿ ನೋಡಿ

ಇಳಕಲ್ ಸೀರೆ ಕೊಳ್ಳಲು ಬಂದ ತಿಳಿದ ಹೆಂಗಸು ಬಣ್ಣಕ್ಕೆ ಮರುಳಾಗುವುದಿಲ್ಲ. ಸೆರಗನ್ನು ತಿರುವಿ, ಒಡಲಿನ ಹಾಸೂ ಸೆರಗಿನ ರೇಷ್ಮೆ ಹಾಸೂ ಒಂದಕ್ಕೊಂದು ಕುಣಿಕೆ ಹಾಕಿಕೊಂಡು ಸೇರುವ ಜಾಗವನ್ನು ಹೆಬ್ಬೆರಳಿನಿಂದ ತಡವುತ್ತಾಳೆ. ಅದೇ ಕೊಂಡಿ. ಮಿಲ್ಲಿನ ನಕಲಿಗೆ ಟೋಪ ತೆನಿ ಸೆರಗಿನ ಕೆಂಪು ಬಿಳಿ ಬರುತ್ತದೆ, ಕೊಂಡಿ ಬರುವುದಿಲ್ಲ. ಆ್ಯಕ್ಷನ್ ಗೇಮಿನಲ್ಲೂ ನಾನು ತಡವುವುದು ಆ ಜಾಗವನ್ನೇ, ಒಂದು ಚಲನೆ ಮುಗಿದು ಇನ್ನೊಂದು ಹಿಡಿಯುವ ಜಾಗ.

ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಗೇಮ್ ಸೆಕೆಂಡಿಗೆ 60 ಫ್ರೇಮ್ ಓಡುತ್ತಿದ್ದರೆ ಒಂದು ಫ್ರೇಮಿನ ಆಯಸ್ಸು 16.7 ಮಿಲಿಸೆಕೆಂಡ್. ಪ್ರತಿ ಹೊಡೆತದಲ್ಲೂ ಮೂರು ಪಾಲು ಇರುತ್ತದೆ: ಕತ್ತಿ ಎತ್ತುವ ಫ್ರೇಮ್‌ಗಳು, ಕತ್ತಿ ತಾಗಬಲ್ಲ ಫ್ರೇಮ್‌ಗಳು, ಕತ್ತಿಯನ್ನು ವಾಪಸ್ ತರುವ ಫ್ರೇಮ್‌ಗಳು. ಟ್ರೇಲರ್‌ನಲ್ಲಿ ಕಾಣುವುದು ಮಧ್ಯದ ಪಾಲು ಮಾತ್ರ. ನಕಲು ಮಾಡುವವರು ಹೆಚ್ಚಾಗಿ ಅದನ್ನೇ ಮಾಡುತ್ತಾರೆ, ಕತ್ತಿಯ ಕಿಡಿ, ರಕ್ತ, ಗಾಳಿಯಲ್ಲಿ ಎಳೆದ ಬೆಳಕಿನ ಗೆರೆ. ಆಡುವ ಕೈಗೆ ಗೊತ್ತಾಗುವುದು ಮೂರನೆಯ ಪಾಲು. ಕತ್ತಿ ವಾಪಸಾಗುತ್ತಿರುವಾಗ ಬೆನ್ನ ಹಿಂದೆ ಒಬ್ಬ ಕೊಡಲಿ ಎತ್ತಿದ, ನೀವು ತಪ್ಪಿಸಿಕೊಳ್ಳುವ ಬಟನ್ ಒತ್ತಿದಿರಿ. ಒಳ್ಳೆಯ ಗೇಮ್ ಆಗ ಏನು ಮಾಡಬೇಕೆಂದು ಮೊದಲೇ ನಿರ್ಧರಿಸಿರುತ್ತದೆ: ಹೊಡೆತವನ್ನು ಅಲ್ಲೇ ಮುರಿದು ಪಕ್ಕಕ್ಕೆ ಹಾರಿಸುತ್ತದೆ, ಇಲ್ಲವೇ "ಹೊಡೆತಕ್ಕೆ ಒಪ್ಪಿದ್ದೀಯಲ್ಲ, ಅನುಭವಿಸು" ಎನ್ನುತ್ತದೆ. ಬಯೊನೆಟ್ಟಾ ಮೊದಲ ದಾರಿಯನ್ನು ತುದಿಗೆ ಒಯ್ದ ಗೇಮ್. ಹೊಡೆತದ ಬಟನ್ನನ್ನು ಹಿಡಿದುಕೊಂಡೇ ತಪ್ಪಿಸಿಕೊಂಡರೆ, ಕಾಂಬೊ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಯುತ್ತದೆ. ಡಾರ್ಕ್ ಸೋಲ್ಸ್ ಎರಡನೆಯ ದಾರಿಯದು, ಒತ್ತಿದ ಹೊಡೆತಕ್ಕೆ ನೀವೇ ಹೊಣೆ. ಎರಡೂ ಸರಿ. ಕಳಪೆ ನಕಲು ಒಂದು ಸಲ ಹಾರಿಸುತ್ತದೆ, ಇನ್ನೊಂದು ಸಲ ಕೈಕೊಡುತ್ತದೆ, ಯಾಕೆಂದು ಮಾಡಿದವರಿಗೂ ತಿಳಿದಿರುವುದಿಲ್ಲ.

ಪರೀಕ್ಷೆ ಸರಳ. ಮೊದಲ ಹಂತದ ಸಾದಾ ಶತ್ರುವಿನ ಮುಂದೆ ನಿಂತು ಹೊಡೆ–ತಪ್ಪಿಸಿಕೋ, ಹೊಡೆ–ಹೊಡೆ–ತಪ್ಪಿಸಿಕೋ, ಹೊಡೆ–ಜಿಗಿ ಎಂದು ಒಂದೇ ಪಾಠವನ್ನು ಮಗ್ಗಿಯ ಹಾಗೆ ಒಪ್ಪಿಸುತ್ತ ಹೋಗಿ. ಫಲ ಪ್ರತಿ ಸಲ ಒಂದೇ ಆದರೆ ಆ ಗೇಮಿಗೆ ವ್ಯಾಕರಣವಿದೆ ಎಂದು ಅರ್ಥ. ಜೊತೆಗೆ ಏಟು ತಾಗಿದ ಕ್ಷಣವನ್ನೂ ಗಮನಿಸಿ. ಒಳ್ಳೆಯ ಗೇಮ್‌ಗಳಲ್ಲಿ ಏಟು ಬಿದ್ದೊಡನೆ ಹೊಡೆದವನೂ ಹೊಡೆಸಿಕೊಂಡವನೂ ಕೆಲವೇ ಫ್ರೇಮ್ ಕಲ್ಲಾಗುತ್ತಾರೆ. ಹಿಟ್‌ಸ್ಟಾಪ್ ಎನ್ನುವುದು ಇದಕ್ಕೇ. ಕಣ್ಣಿಗೆ ಅದು ತಡೆ ಎಂದು ಕಾಣುವುದಿಲ್ಲ, ಭಾರ ಎಂದು ತೋರುತ್ತದೆ. ಅದಿಲ್ಲದ ಗೇಮಿನಲ್ಲಿ ಎಷ್ಟೇ ರಕ್ತ ಚೆಲ್ಲಿದರೂ ಕತ್ತಿ ಗಾಳಿಯಲ್ಲೇ ಆಡಿದಂತಿರುತ್ತದೆ.

5. ವಸ್ತು ತಂದವರು ಕಾರಣವನ್ನೂ ತಂದರೇ?

ಡಾರ್ಕ್ ಸೋಲ್ಸ್ ಬಂದ ಮೇಲೆ ಎಲ್ಲ ಗೇಮಿನಲ್ಲೂ ಬೆಂಕಿ ಹೊತ್ತಿಕೊಂಡಿತು. ಅದರಲ್ಲಿ ಅಗ್ಗಿಷ್ಟಿಕೆಯ ಮುಂದೆ ಕೂತರೆ ಜೀವ ತುಂಬುತ್ತದೆ, ಔಷಧಿ ಬಾಟಲಿ ತುಂಬುತ್ತದೆ. ಜೊತೆಗೆ ನೀವು ಕಷ್ಟಪಟ್ಟು ಕೊಂದ ಸಾದಾ ಶತ್ರುಗಳೆಲ್ಲ ಎದ್ದು ಕೂರುತ್ತಾರೆ. ವಿಶ್ರಾಂತಿಗೂ ಬೆಲೆಯಿದೆ ಎಂಬುದೇ ಆ ಬೆಂಕಿಯ ಕಾರಣ. ಫೌ-ಜಿಯಲ್ಲೂ ಬೆಂಕಿಯ ಪಕ್ಕ ಕೂತರೆ ಜೀವ ತುಂಬುತ್ತದೆ, ಆದರೆ ಪ್ರತಿಯಾಗಿ ಏನನ್ನೂ ಕೇಳುವುದಿಲ್ಲ. ಕೂತು ಎದ್ದು ಹೋಗುವುದಷ್ಟೆ.

ಕಾರಣವನ್ನು ಅರಿತು ತಂದವರು ಹೊಸದನ್ನೂ ಸೇರಿಸಬಲ್ಲರು. 2017ರ ನಿಯೊ, ಡಾರ್ಕ್ ಸೋಲ್ಸ್ ಮನೆಯ ಮಗು ಎಂದು ನೋಡಿದೊಡನೆ ಗೊತ್ತಾಗುತ್ತದೆ. ಆದರೆ ಹೊಡೆತ ಮುಗಿಯುವ ಸರಿಯಾದ ಗಳಿಗೆಯಲ್ಲಿ ಇನ್ನೊಂದು ಬಟನ್ ಒತ್ತಿದರೆ ಕಳೆದುಹೋದ ದಮ್ಮು ಮರಳಿ ಬರುವಂತೆ ಮಾಡಿ, ದಣಿವಿನ ಲೆಕ್ಕವನ್ನೇ ಒಂದು ತಾಳವಾಗಿಸಿದರು. 2020ರ ಮಾರ್ಟಲ್ ಶೆಲ್ ಇನ್ನೂ ಚಿಕ್ಕ ತಂಡದ್ದು, ಇನ್ನೂ ನಿಸ್ಸಂಕೋಚದ ನಕಲು. ಅದರಲ್ಲಿರುವ ಒಂದು ಹೊಸ ಮಾತು ಎಂದರೆ ಯಾವಾಗ ಬೇಕಾದರೂ, ಕತ್ತಿ ಬೀಸುತ್ತಿರುವ ಮಧ್ಯದಲ್ಲೂ, ಮೈಯನ್ನು ಕಲ್ಲಾಗಿಸಿಕೊಳ್ಳಬಹುದು. ಶತ್ರುವಿನ ಏಟು ಕಲ್ಲಿಗೆ ಬಡಿದು ಜಾರುತ್ತದೆ, ನಿಮ್ಮ ಅರ್ಧ ಬೀಸಿದ ಕತ್ತಿ ಆಮೇಲೆ ಪೂರ್ತಿಯಾಗುತ್ತದೆ. ಒಂದೇ ಒಂದು ಹೊಸ ಕ್ರಿಯಾಪದ ಸಾಕು, ಇಡೀ ಗೇಮಿನ ಲಯ ಬದಲಾಗುತ್ತದೆ. ವಿಮರ್ಶೆಯಲ್ಲಿ ನಾನು ಹುಡುಕುವುದು ಇದನ್ನೇ. ಸಿಗದಿದ್ದರೆ ಸಿಗಲಿಲ್ಲ ಎಂದು ಬರೆಯುತ್ತೇನೆ.

6. ನಮ್ಮದು ಎಂಬ ರಿಯಾಯಿತಿ ಕೊಡಬೇಡಿ, ನಮ್ಮದು ಎಂಬ ಕೀಳರಿಮೆಯೂ ಬೇಡ

ಅದೇ 2020ರಲ್ಲಿ ಮಾರ್ಟಲ್ ಶೆಲ್ ಜೊತೆ ದಿ ಗೇಮ್ ಅವಾರ್ಡ್ಸ್‌ನ ಚೊಚ್ಚಲ ಗೇಮ್ ವಿಭಾಗದಲ್ಲಿ ನಮ್ಮ ನೆರೆಯ ಪುಣೆಯ ಗೇಮೂ ನಾಮನಿರ್ದೇಶನಗೊಂಡಿತ್ತು: ನಾಡಿಂಗ್ ಹೆಡ್ಸ್ ಗೇಮ್ಸ್ ಅವರ ರಾಜಿ: ಆ್ಯನ್ ಏನ್ಷಿಯಂಟ್ ಎಪಿಕ್. 2017ರಲ್ಲಿ ಜನರಿಂದ ಹಣ ಕೂಡಿಸಲು ಹೊರಟು ಗುರಿ ಮುಟ್ಟದೆ, ಆದರೂ ಬಿಡದೆ ಮುಗಿಸಿದ ಗೇಮ್ ಅದು. ರಾಕ್ಷಸರು ಹೊತ್ತೊಯ್ದ ತಮ್ಮ ಗೋಲುವನ್ನು ಹುಡುಕಿಕೊಂಡು ಹೊರಟ ಸರ್ಕಸ್ಸಿನ ಹುಡುಗಿ ರಾಜಿಯ ಕಥೆ, ಕಥೆ ಹೇಳುವವರು ದುರ್ಗೆ ಮತ್ತು ವಿಷ್ಣು. ಕಥೆಯ ಭಾಗಗಳು ತೊಗಲುಗೊಂಬೆಯಾಟದ ಹಾಗೆ ಪರದೆಯ ಮೇಲೆ ಬರುತ್ತವೆ. ಕೋಟೆಯ ಗೋಡೆ, ಜಾಲಂಧ್ರ, ಕಂಬಗಳ ಕೆತ್ತನೆ ನೋಡುತ್ತ ಆಡುವುದನ್ನೇ ಮರೆತು ನಿಂತದ್ದುಂಟು. ಈ ಅಂದಕ್ಕೆ ಪೂರ್ತಿ ಅಂಕ, ಇದನ್ನು ಅದು ಯಾರಿಂದಲೂ ತರಲಿಲ್ಲ.

ಗೋಡೆಯ ಮೇಲೆ ಓಡುವುದನ್ನು 2003ರ ಪ್ರಿನ್ಸ್ ಆಫ್ ಪರ್ಷಿಯಾ: ದಿ ಸ್ಯಾಂಡ್ಸ್ ಆಫ್ ಟೈಮ್‌ನಿಂದ ತಂದಿದೆ, ತಿರುಗಿಸಲಾಗದ ಕ್ಯಾಮೆರಾವನ್ನು ಹಳೇ ಗಾಡ್ ಆಫ್ ವಾರ್‌ನಿಂದ. ಕಂಬ ಹಿಡಿದು ಸುತ್ತಿ ಬಂದು ಹೊಡೆಯುವುದು, ಗೋಡೆ ಹತ್ತಿ ಮೇಲಿನಿಂದ ತ್ರಿಶೂಲ ಇಳಿಸುವುದು ರಾಜಿಯ ಸ್ವಂತ ಹೊಳಹು, ಸರ್ಕಸ್ಸಿನ ಹುಡುಗಿಗೆ ಒಪ್ಪುವಂಥದು. ಆದರೆ ಕೊಂಡಿ ಸಡಿಲ. ಒಂದು ಆಯುಧದ ಏಟಿನಿಂದ ಇನ್ನೊಂದಕ್ಕೆ ಹೋಗುವಾಗ ಕೈ ತಡವರಿಸುತ್ತದೆ. ಮೂರು ನಾಲ್ಕು ರಾಕ್ಷಸರು ಸುತ್ತುವರಿದಾಗ ದೂರದ ಕ್ಯಾಮೆರಾದಿಂದ ಯಾರು ಏಟು ಎತ್ತಿದರು ಎಂಬುದೇ ಕಾಣುವುದಿಲ್ಲ. ಗಾಡ್ ಆಫ್ ವಾರ್‌ನಲ್ಲಿ ಆ ಕ್ಯಾಮೆರಾ ಒಗ್ಗಿದ್ದಕ್ಕೆ ಕಾರಣ, ಅಲ್ಲಿನ ನಾಯಕನ ಸರಪಳಿ ಕತ್ತಿಗಳು ಪರದೆಯ ಅರ್ಧ ಭಾಗವನ್ನು ಗುಡಿಸುತ್ತಿದ್ದವು. ತ್ರಿಶೂಲದ ಕೈಯಳತೆ ಅಷ್ಟಿಲ್ಲ. ಕ್ಯಾಮೆರಾ ಬಂತು, ಕ್ಯಾಮೆರಾದ ಕಾರಣ ಬರಲಿಲ್ಲ. ಮುಕ್ತಾಯವಂತೂ ತುಂಡು ಕಡಿದಂತಿದೆ.

ಇದನ್ನು ಬರೆದಾಗ ಬೆಂಗಳೂರಿನ ಹಳೇ ಸಹೋದ್ಯೋಗಿಯೊಬ್ಬರು ಫೋನ್ ಮಾಡಿ, "ನಮ್ಮೋರಿಗೇ ಹಿಂಗೆ ಬರೀಬೇಕಾ ಸಾರ್?" ಎಂದರು. ನಮ್ಮವರಾದ್ದರಿಂದಲೇ ಬರೆಯಬೇಕು, ಮುಂದಿನ ಗೇಮ್ ಮಾಡುವವರು ಅವರೇ ತಾನೆ? ಇನ್ನೊಂದು ಗುಂಪಿದೆ, ಇಂಡಿಯಾದ್ದು ಎಂದ ಕೂಡಲೇ ಮೂಗು ಮುರಿಯುವವರದು. 2024ರ ಆಗಸ್ಟ್‌ನಲ್ಲಿ ಚೀನಾದ ಬ್ಲ್ಯಾಕ್ ಮಿತ್: ವೂಕಾಂಗ್ ಬಂದ ಮೇಲೆ ಅವರ ದನಿ ಕೊಂಚ ತಗ್ಗಿದೆ. ಸ್ವಂತ ಪುರಾಣವೂ ಇರಬಹುದು, ಕೊಂಡಿಯೂ ಗಟ್ಟಿಯಿರಬಹುದು ಎಂದು ಪಕ್ಕದ ಮನೆಯವರು ತೋರಿಸಿಕೊಟ್ಟರಲ್ಲ.

7. ನಡುವಿನ ಊರುಗಳನ್ನು ನೋಡಿ

ನಕಲು ಗೇಮಿನ ಮೊದಲ ತಾಸಿಗೆ ಮರುಳಾಗಬಾರದು. ದುಡ್ಡೆಲ್ಲ ಅಲ್ಲೇ ಸುರಿದಿರುತ್ತಾರೆ. 2010ರ ಡಾಂಟೇಸ್ ಇನ್‌ಫರ್ನೊ ಗಾಡ್ ಆಫ್ ವಾರ್‌ನ ಪಡಿಯಚ್ಚು. ಫ್ರೇಮ್ ಲೆಕ್ಕದಲ್ಲಿ ಹುಳುಕು ಹಿಡಿಯಲಾರಿರಿ, ಮೊದಲ ನರಕಗಳು ಕಣ್ಣು ಕೋರೈಸುತ್ತವೆ. ಎಂಟನೆಯ ನರಕಕ್ಕೆ ಬಂದರೆ ಕಥೆಯೂ ಇಲ್ಲ, ಊರೂ ಇಲ್ಲ, ಒಂದೇ ಥರದ ಅಂಗಳದಲ್ಲಿ ಒಂದಾದ ಮೇಲೊಂದು ಹತ್ತು ಜಗಳ. ಮಾದರಿಯನ್ನು ಇಟ್ಟುಕೊಂಡು ಓಡುವವರಿಗೆ ದಮ್ಮು ಕಟ್ಟುವುದು ಇಲ್ಲೇ. ಮೂರನೆಯ ತಾಸಿನಲ್ಲಿ ಬರುವ ಸಾದಾ ಜಗಳ, ಬಾಸ್ ಅಲ್ಲ, ಹಾದಿಯಲ್ಲಿ ಅಡ್ಡ ಬರುವ ಇಬ್ಬರು ಮೂವರ ಜಗಳ, ನಿಮ್ಮಿಂದ ಹೊಸದೇನಾದರೂ ಮಾಡಿಸುತ್ತದೆಯೇ? ಅದನ್ನು ಬರೆದುಕೊಳ್ಳಿ.

8. ಯಾರ ಮೊಬೈಲಿನಲ್ಲಿ ಆಡಿದಿರಿ?

ಬೆಂಗಳೂರಿನ ಆಫೀಸಿನಲ್ಲಿ ತಂಪು ಕೋಣೆ, ದುಬಾರಿ ಫೋನು, ಕೈಗೆ ಕಂಟ್ರೋಲರ್. ನಮ್ಮ ಕಡೆಯ ಹುಡುಗ ಆಡುವುದು ಸೆಕೆಂಡ್ ಹ್ಯಾಂಡ್ ಫೋನಿನಲ್ಲಿ, ಗಾಜಿನ ಮೇಲೆ ಹೆಬ್ಬೆರಳು ಜಾರಿಸುತ್ತ. ಸೆಕೆಂಡಿಗೆ 60 ಫ್ರೇಮ್ 30ಕ್ಕೆ ಇಳಿದರೆ ಒಂದು ಫ್ರೇಮಿನ ಆಯಸ್ಸು 33 ಮಿಲಿಸೆಕೆಂಡ್ ಆಗುತ್ತದೆ. ಕಣ್ಣಿಗೆ ಏಟು ತಡವಾಗಿ ಕಾಣುತ್ತದೆ, ಗೇಮ್ ತಡೆಯಲು ಕೊಟ್ಟ ಸಮಯ ಮಾತ್ರ ಅಷ್ಟೇ. ಹಾಗಾಗಿ ಶ್ರೇಷ್ಠ ಗೇಮನ್ನು ದೊಡ್ಡ ಯಂತ್ರದಲ್ಲಿ ಆಡಿ, ನಕಲನ್ನು ಚಿಕ್ಕ ಫೋನಿನಲ್ಲಿ ಆಡಿ ಹೋಲಿಸುವುದು ಮೋಸ. ಸಾಧ್ಯವಾದರೆ ಎರಡನ್ನೂ ಒಂದೇ ಫೋನಿನಲ್ಲಿ ಹಾಕಿ. ಆಗದಿದ್ದರೆ ಯಾವುದನ್ನು ಯಾವುದರಲ್ಲಿ ಆಡಿದಿರಿ ಎಂದು ಮೊದಲ ಪ್ಯಾರಾದಲ್ಲೇ ಹೇಳಿ, ಗೇಮಿನ ಆವೃತ್ತಿಯ ಸಂಖ್ಯೆಯನ್ನೂ ಸೇರಿಸಿ. ಮೊಬೈಲ್ ಗೇಮ್‌ಗಳು ಪ್ರತಿ ಅಪ್‌ಡೇಟ್‌ಗೂ ಬದಲಾಗುತ್ತವೆ. ಫೌ-ಜಿಗೇ ಕೆಲವು ತಿಂಗಳ ಮೇಲೆ ತಂಡ ಕಟ್ಟಿ ಗುಂಡು ಹಾರಿಸುವ ಮೋಡ್ ಸೇರಿತು, ಜನವರಿಯಲ್ಲಿ ಬರೆದ ವಿಮರ್ಶೆ ಆ ಭಾಗಕ್ಕೆ ಅನ್ವಯಿಸುವುದೇ ಇಲ್ಲ.

ನಾನು ತಿಂಗಳನ್ನೂ ಬರೆಯುತ್ತೇನೆ. ಏಪ್ರಿಲ್ ಮಧ್ಯಾಹ್ನ ಇಳಕಲ್ ಬಸ್‌ಸ್ಟ್ಯಾಂಡಿನಲ್ಲಿ ಕೂತು ಆಡಿದರೆ ಹತ್ತು ನಿಮಿಷಕ್ಕೆ ಫೋನು ಕಾದು, ತನ್ನ ಜೀವ ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಡಿಸೆಂಬರಿನಲ್ಲಿ ಸರಾಗವಾಗಿ ಓಡಿದ ಅದೇ ಗೇಮ್ ಆಗ ಕುಂಟುತ್ತದೆ. ಅದು ಗೇಮಿನ ತಪ್ಪೋ ಬಿಸಿಲಿನ ತಪ್ಪೋ ಎಂದು ಬೇರ್ಪಡಿಸಲು ರಾತ್ರಿ ಇನ್ನೊಮ್ಮೆ ಆಡಬೇಕು, ಕರೆಂಟ್ ಇದ್ದರೆ.